ಒಂದು ಮೊಳ ಪಕ್ಕಕ್ಕೆ

ಹಾರೆಗೆ ತಗುಲಿದ್ದು ಬೇರು ಅಂದುಕೊಂಡನಂತೆ ಸಾಪರ್ಗಾಲಿ.
ಹುಲ್ಲೇ ಅಂಜಿ ಅಂಜಿ ಹುಟ್ಟುವ ಈ ಕಜಕ್ ಬಯಲಲ್ಲಿ
ಎದೆಯಾಳದಲ್ಲಿ ಎಂಥ ಬೇರು?
ಇರಲಿ ಎಂದು ಇನ್ನೊಂದೇಟು ಹಾಕಿದ.

ಅತ್ತ ಅಲ್ಮಾಟಿಯ ಬೆಚ್ಚನೆ ಕೋಣೆಯಲ್ಲಿ
ಎಂಬತ್ತು ಹಸಿರು ದೀಪ ಒಟ್ಟಿಗೇ ಕೆಂಪಾದವು.

ನಾನು ಲಾರಿ ಓಡಿಸುವವನು. ಬೆಸೆಯುವವಳು ಕುಲ್ಯಾಶ್.
ತುಂಡಾದ ಎಳೆಯೊಳಗೆ ಒಂದು ಮಿಣುಕು ಬಿಟ್ಟು
ಅದು ಮುರಿದ ತುದಿಗೆ ಬಡಿದು ಮರಳುವ ಹೊತ್ತನ್ನು ಅಳೆದು
ಹೇಳಿಬಿಡುತ್ತಾಳೆ: ವರ್ಧಕದ ಗುಡಿಸಲಿನಿಂದ
ನಲವತ್ತೊಂದು ಕಿಲೋಮೀಟರು, ಮೇಲೆ ಮುನ್ನೂರು ಮೀಟರು.
ಹೋಗಿ ನೋಡಿದರೆ ರೈಲುಹಳಿಯ ಪಕ್ಕ
ನೆಲ ಕರಗಲೆಂದು ಟೈರು ಸುಟ್ಟ ಹೊಗೆ,
ಸುತ್ತ ಆರು ಮಂದಿ ಗಂಡಸರು, ಅರ್ಧ ತೋಡಿದ ಗೋರಿ.

ಯಾರೂ ಕ್ಷಮೆ ಕೇಳಲಿಲ್ಲ. ನಾವೂ ಬಯ್ಯಲಿಲ್ಲ.
ಮೈನಸ್ ಇಪ್ಪತ್ತೇಳರಲ್ಲಿ ಬಯ್ಗುಳಕ್ಕೂ ಉಸಿರು ದುಬಾರಿ.

ಕುಲ್ಯಾಶ್ ಗುಂಡಿಗೆ ಕಾಲಿಟ್ಟಳು.
ಒಬ್ಬ ಮುದುಕ ಕೋಲು ಅಡ್ಡ ಹಿಡಿದ:
ಗೋರಿಗೆ ಹೆಂಗಸು ಇಳಿಯಬಾರದು.
'ಅವನು ಬರುವ ತನಕ ಇದು ಬರೀ ಗುಂಡಿ, ಅಜ್ಜ.'
ಮುದುಕ ಯೋಚಿಸಿದ. ಕೋಲು ಸರಿಯಿತು.

ಒಂದು ಕೂದಲೆಳೆ ಗಾಜಿನಲ್ಲಿ ಎಂಬತ್ತು ಬಣ್ಣ ಓಡುತ್ತವಂತೆ,
ಒಂದರ ಭುಜ ಇನ್ನೊಂದಕ್ಕೆ ತಾಗದಂತೆ, ಹಗಲಿರುಳು.
ನನ್ನ ಲಾರಿಯಲ್ಲಿ ಮೂವರು ಕೂತರೆ ಕಿಟಕಿಗೆ ಜಗಳ.
ಯಾವ ಯಾವ ಬಣ್ಣ ಎಂದು ಒಮ್ಮೆ ಕೇಳಿದ್ದೆ.
ಒಂದೂ ಕಣ್ಣಿಗೆ ಕಾಣದು, ಎಲ್ಲ ಕೆಂಪಿನಾಚೆಯವು,
ಹೆಸರಿಲ್ಲ, ನಂಬರಿದೆ ಅಂದಿದ್ದಳು.
ಹಾಗಾದರೆ ಬಣ್ಣ ಅನ್ನುವುದೇಕೆ?
'ಮತ್ತೇನನ್ನಲಿ? ತುದಿಗೆ ಮಾತ್ರ ಕಣ್ಣಿಡಬೇಡ.
ಕಾಣದಿದ್ದರೂ ಸುಡುತ್ತದೆ.'

ಎಂಬತ್ತು ಕಿಲೋಮೀಟರಿಗೊಂದು ಗುಡಿಸಲು.
ದಣಿದು ಬಂದ ಬೆಳಕಿಗೆ ಅಲ್ಲಿ ಹೊಸ ಕಸುವು.
ಯಾರ ಕಾಗದವನ್ನೂ ಒಡೆದು ಓದುವುದಿಲ್ಲ;
ಎಂಬತ್ತಕ್ಕೂ ಒಂದೇ ಕೈತುತ್ತು, ಮುಂದೆ ನಡಿ.

ಗುಂಡಿಯ ಮೇಲೆ ಡೇರೆ ಎಳೆದೆವು.
ಇಪ್ಪತ್ನಾಲ್ಕು ಎಳೆ, ಎರಡೂ ಕಡೆ, ನಲವತ್ತೆಂಟು ಬೆಸುಗೆ.
ಸಿಪ್ಪೆ ಸುಲಿದು, ಒರೆಸಿ, ತುದಿ ಕತ್ತರಿಸಿ,
ಗಾಜಿಗೆ ಗಾಜು ಎದುರುಬದುರು ನಿಲ್ಲಿಸಿ
ಒಂದು ಕಿಡಿ.
ನಷ್ಟ ಸೊನ್ನೆ ಬಿಂದು ಸೊನ್ನೆ ಎರಡು, ಎನ್ನುತ್ತದೆ ಯಂತ್ರ.
ಅವಳ ಬೆರಳು ನೀಲಿ. ನಾನು ಹಿಡಿದ ಟಾರ್ಚು ನಡುಗಿದರೆ ಗದರುತ್ತಾಳೆ.

ಹೊರಗೆ ಚಹಾ ಕುಡಿಯುತ್ತ ಮುದುಕ ಹೇಳಿದ:
ತೀರಿಕೊಂಡವನು ತುಲೆಗೆನ್, ಹಳಿ ಕಾಯುತ್ತಿದ್ದವನು.
ಸುತ್ತಿಗೆಯಿಂದ ತಟ್ಟಿ, ಬಗ್ಗಿ ಕಿವಿಯಿಟ್ಟು
ಇನ್ನೂ ಕಾಣದ ರೈಲಿಗೆ ಎಷ್ಟು ಗಾಡಿ ಎಂದು ಹೇಳುತ್ತಿದ್ದನಂತೆ.
ಈ ಕೇಬಲ್ ಹೂಳಲು ಬಂದವರಿಗೆ ಒಂಟೆಹಾಲು ಕೊಟ್ಟು
ಇದರಲ್ಲಿ ಏನು ಹೋಗುತ್ತದೆ ಎಂದು ಕೇಳಿದ್ದನಂತೆ.
ಕುಡಿದರು, ಉತ್ತರ ಹೇಳಲಿಲ್ಲ.

ಮೂರು ಗಂಟೆಗೆ ಮೊದಲ ಜೋಡಿ ಬೆಳಗಿತು.
ಡೇರೆಯೊಳಗೆ ಏನೂ ಕಾಣಲಿಲ್ಲ.
ಹೊರಗೆ ಮಾತ್ರ, ಆರು ಉಣ್ಣೆಯಂಗಿಗಳ ಒಳಜೇಬಿನಲ್ಲಿ
ಆರು ಫೋನು ಒಟ್ಟಿಗೇ ಗುಂಯ್‌ಗುಟ್ಟಿದವು.
ನಿಲ್ದಾಣದ ಟವರೂ ಇದೇ ಎಳೆಗೆ ಜೋತುಬಿದ್ದದ್ದು.
ಬೆಳಿಗ್ಗೆಯಿಂದ ಎಲ್ಲೆಲ್ಲೋ ತಡೆದು ನಿಂತಿದ್ದವು ಬಂದವು:
ಕುರಿಯ ದರ, ಸಾಲದ ನೆನಪು, ಯಾರದೋ ಹುಟ್ಟುಹಬ್ಬ,
ನಡುವೆ ತುಲೆಗೆನ್ ಮಗಳದು:
ರೈಲಿನಲ್ಲಿದ್ದೇನೆ. ಅಪ್ಪನನ್ನು ಈಗಲೇ ಮುಚ್ಚಬೇಡಿ.

ಮಧ್ಯಾಹ್ನಕ್ಕೇ ಮುಚ್ಚುವವರಿದ್ದರು.
ಸಾಪರ್ಗಾಲಿ ತನ್ನ ಹಾರೆಯನ್ನೊಮ್ಮೆ ನೋಡಿಕೊಂಡ.

ಉಳಿದ ಎಳೆಗಳು ಮುಗಿಯುವ ಹೊತ್ತಿಗೆ ಹೊತ್ತು ಇಳಿದಿತ್ತು.
ಕೇಬಲನ್ನು ಬಳಸಿ, ಗೋರಿಯಿಂದ ಒಂದು ಮೊಳ ಪಕ್ಕಕ್ಕಿಟ್ಟು
ಮರಳು ಹಾಸಿ ಮುಚ್ಚಿದಳು.
ನಿಯಮದ ಪ್ರಕಾರ ಐದು ಮೀಟರ್ ಇರಬೇಕು.
ವರದಿಯಲ್ಲಿ ಐದು ಎಂದೇ ಬರೆದಳು.

ಕೋಲಿನ ಮುದುಕ ಏಳು ಕರಿದ ರೊಟ್ಟಿ
ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟ.
ಲಾರಿಯಲ್ಲಿ ಎರಡು ತಿಂದಳು. ಬೆರಳಿಗೆಲ್ಲ ಎಣ್ಣೆ.
ಒರೆಸಿಕೊಳ್ಳಲಿಲ್ಲ.

'ಅವನಿಗೆ ಕೇಳಿಸುತ್ತದಾ?' ಅಂದೆ.
'ಗಾಜು ಸದ್ದು ಮಾಡುವುದಿಲ್ಲ' ಅಂದಳು.
ಇನ್ನೊಂದು ಮೈಲಿ ಕಳೆದ ಮೇಲೆ, ಕಿಟಕಿಗೆ ಹಣೆಯಾನಿಸಿ:
'ಆದರೆ ಅವನು ಹಳಿಗೆ ಕಿವಿಕೊಟ್ಟವನು.'